ಮಿತಿಮೀರಿದ ಧ್ವನಿಕಡತ ಮತ್ತು ಅದರ ಪಾಠೋದ್ಧಾರ

1. ಪ್ರಸ್ತಾವನೆ

ಹಸ್ತಪ್ರತಿಗಳ ವಿಚಾರಕ್ಕೆ ಮೀಸಲಾದ ಪತ್ರಿಕೆಯಲ್ಲಿ ಧ್ವನಿಮುದ್ರಣದ ಕಡತವೊಂದನ್ನು ಕುರಿತು ಬರೆಯುವುದು ಮೇಲುನೋಟಕ್ಕೆ ಅಪ್ರಸ್ತುತವೆನಿಸಬಹುದು. ಆದರೆ ತಾಡಪತ್ರಗಳೊಡನೆ ಪಳಗಿದ ವಿದ್ವಾಂಸರು ಬಲ್ಲರು: ಒಂದು ಗ್ರಂಥದ ಪಾಠವೆಲ್ಲವೂ ಗರಿಯ ಮೇಲೆ ಇರುವುದಿಲ್ಲ. ಹಳೆಯ ಕನ್ನಡ ಪ್ರತಿಗಳಲ್ಲಿ ಎಕಾರ-ಏಕಾರಗಳ ಮತ್ತು ಒಕಾರ-ಓಕಾರಗಳ ಭೇದವನ್ನು ಲಿಪಿಯಲ್ಲಿ ತೋರಿಸುವ ರೂಢಿ ಸಾಮಾನ್ಯವಾಗಿ ಇರಲಿಲ್ಲ. ‘ಕೆಡು’ ಮತ್ತು ‘ಕೇಡು’, ‘ಕೊಡು’ ಮತ್ತು ‘ಕೋಡು’ ಒಂದೇ ಬಗೆಯಾಗಿ ಬರೆಯಲ್ಪಡುತ್ತಿದ್ದುವು. ಪದಪದಗಳ ನಡುವೆ ಅಂತರವನ್ನು ಬಿಡುವ ವಾಡಿಕೆಯೂ ಇರಲಿಲ್ಲ. ಪದ್ಯಭಾಗದಲ್ಲಿ ಛಂದಸ್ಸು ನಮಗೆ ನೆರವಾಗುತ್ತದೆ. ಗದ್ಯವೃತ್ತಿಯಲ್ಲಾದರೋ ಛಂದಸ್ಸಿನ ಆಸರೆಯಿಲ್ಲ. ಅಲ್ಲಿ ದೀರ್ಘವೆಲ್ಲಿ, ಪದಚ್ಛೇದವೆಲ್ಲಿ ಎಂಬುದನ್ನು ಗುರುಮುಖದಿಂದ ಓದು ಕಲಿತ ವಾಚಕನ ನಾಲಗೆಯೇ ನಿರ್ಣಯಿಸಬೇಕು. ಹೀಗಿರುವಲ್ಲಿ ಪರಂಪರಾಗತ ವಾಚನದ ಧ್ವನಿಮುದ್ರಣವನ್ನು ಗ್ರಂಥಸಂಪಾದನೆಯ ಆಕರಗಳಲ್ಲಿ ಒಂದೆಂದೇ ಪರಿಗಣಿಸಬೇಕಾಗುತ್ತದೆ. ಅದಕ್ಕೆ ಬರುವ ಹಾನಿಯೂ ಪ್ರತಿಗೆ ಬರುವ ಹಾನಿಯೇ.

ಈ ಲೇಖಕನಿಗೆ ನಿಕಟವಾಗಿ ತಿಳಿದಿರುವ ಒಂದು ಗ್ರಂಥಭಂಡಾರದಲ್ಲಿ ಕೆಲವು ವರ್ಷಗಳ ಹಿಂದೆ ಒಬ್ಬ ವಯೋವೃದ್ಧ ಪಂಡಿತರಿಂದ ಗದ್ಯವೃತ್ತಿಯೊಂದರ ತಾಡಪ್ರತಿಯನ್ನು ಓದಿಸಿ, ಅರ್ಥ ಹೇಳಿಸಿ, ಅದನ್ನು ನೇರವಾಗಿ ಲ್ಯಾಪ್‌ಟಾಪಿನಲ್ಲಿ ಮುದ್ರಿಸಿಕೊಳ್ಳಲಾಯಿತು. ಓದಿನ ಧಾರೆ ತುಂಡಾಗಬಾರದೆಂದು ಮೊದಲಿನಿಂದ ಕೊನೆಯವರೆಗೆ ಯಂತ್ರವನ್ನು ನಿಲ್ಲಿಸಲಿಲ್ಲ. ಒಟ್ಟು ವಾಚನ 3 ಗಂಟೆ 10 ನಿಮಿಷ. ಮುಂದೆ ಪಂಡಿತರ ದೃಷ್ಟಿ ಮಂದವಾಗಿ ಗರಿಯನ್ನು ಓದುವುದು ಅವರಿಗೆ ಅಸಾಧ್ಯವಾಯಿತು. ಆ ಮೇಲೆ ಲಿಪ್ಯಂತರಕ್ಕೆಂದು ಕಡತವನ್ನು ತೆರೆದಾಗ ಅದು 1 ಗಂಟೆ 5 ನಿಮಿಷ 43 ಸೆಕೆಂಡುಗಳಿಗೆ ನಿಂತುಹೋಯಿತು. ಒಂದು ವಾಕ್ಯದ ನಡುವೆ, ಉಸಿರು ಎಳೆದುಕೊಂಡ ಎಡೆಯಲ್ಲಿ, ಧ್ವನಿ ಕಡಿದುಹೋಗಿತ್ತು. ಮಿಕ್ಕ ಎರಡು ಗಂಟೆಗೂ ಮೀರಿದ ವಾಚನ ಲುಪ್ತವಾಯಿತೆಂದು ಎಲ್ಲರೂ ಖಿನ್ನರಾದರು.

ವಸ್ತುತಃ ಅದು ಲುಪ್ತವಾಗಿರಲಿಲ್ಲ. ಕಡತದಲ್ಲಿ ಧ್ವನಿಯೆಲ್ಲವೂ ಇತ್ತು. ಅದರ ಪ್ರಮಾಣವನ್ನು ಹೇಳುವ ಒಂದು ಸಂಖ್ಯೆ ಮಾತ್ರ ತಪ್ಪಾಗಿತ್ತು. ಆ ಸಂಖ್ಯೆ ಹೇಗೆ ತಪ್ಪಿತು, ತಪ್ಪನ್ನು ಗುರುತಿಸುವ ಬಗೆ ಯಾವುದು, ಮೂಲಕ್ಕೆ ಧಕ್ಕೆ ತಾರದೆ ವಾಚನವನ್ನು ಉದ್ಧರಿಸುವ ಕ್ರಮವೇನು ಎಂಬಿವನ್ನು ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕಂಪ್ಯೂಟರಿನ ಪರಿಚಯ ಸ್ವಲ್ಪವೇ ಇರುವವರೂ ತಮ್ಮ ಸಹಾಯಕರಿಗೆ ಖಚಿತವಾಗಿ ಸೂಚನೆ ಕೊಡಬಲ್ಲಷ್ಟು ವಿವರವನ್ನು ಇಲ್ಲಿ ಕೊಡಲಾಗಿದೆ.

2. ಧ್ವನಿಕಡತದ ರಚನೆ

ಧ್ವನಿಯೆಂಬುದು ಗಾಳಿಯ ಒತ್ತಡದ ಏರಿಳಿತ. ಅಂಕೀಯ ಮುದ್ರಣದಲ್ಲಿ ಯಂತ್ರವು ಈ ಏರಿಳಿತವನ್ನು ಸಮಾನವಾದ ಕಾಲಾಂತರಗಳಲ್ಲಿ ಅಳೆದು, ಒಂದೊಂದು ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡುತ್ತದೆ. ಈ ಅಳತೆಗೆ ಸ್ಯಾಂಪಲ್ ಎಂದು ಹೆಸರು. ಸೆಕೆಂಡಿಗೆ ಎಷ್ಟು ಅಳತೆಗಳು, ಒಂದು ಅಳತೆಗೆ ಎಷ್ಟು ಬೈಟುಗಳು, ಎಷ್ಟು ವಾಹಿನಿಗಳು ಎಂಬ ಮೂರು ಸಂಗತಿಗಳಿಂದ ಕಡತದ ಗಾತ್ರ ನಿಶ್ಚಿತವಾಗುತ್ತದೆ. ನಮ್ಮ ನಿದರ್ಶನದಲ್ಲಿ ಸೆಕೆಂಡಿಗೆ 96,000 ಅಳತೆಗಳು, ಒಂದು ಅಳತೆಗೆ 24 ಬಿಟ್ ಅಂದರೆ 3 ಬೈಟುಗಳು, ಎಡ-ಬಲ ಎಂದು 2 ವಾಹಿನಿಗಳು. ಇವನ್ನು ಗುಣಿಸಿದರೆ ಸೆಕೆಂಡಿಗೆ 5,76,000 ಬೈಟುಗಳಾಗುತ್ತವೆ. ವಾಚನದ ಕಾಲ 11,400 ಸೆಕೆಂಡು. ಆದುದರಿಂದ ಧ್ವನಿಭಾಗದ ಒಟ್ಟು ಪ್ರಮಾಣ 6,56,64,00,000 ಬೈಟು.

ಈ ಬಗೆಯ ಲೆಕ್ಕ ನಮಗೆ ಅಪರಿಚಿತವಲ್ಲ. ವಿವರಣಾತ್ಮಕ ಗ್ರಂಥಸೂಚಿಗಳಲ್ಲಿ ಪತ್ರಸಂಖ್ಯೆ, ಪುಟಕ್ಕೆ ಪಂಕ್ತಿ, ಪಂಕ್ತಿಗೆ ಅಕ್ಷರ ಎಂದು ಮೂರು ಅಂಕಗಳನ್ನು ಕೊಡುತ್ತೇವೆ. 120 ಗರಿಗಳ ಒಂದು ಪ್ರತಿಯಲ್ಲಿ ಎರಡೂ ಮಗ್ಗುಲುಗಳಲ್ಲಿ 8 ಪಂಕ್ತಿಗಳೂ ಪಂಕ್ತಿಗೆ 64 ಅಕ್ಷರಗಳೂ ಇದ್ದರೆ ಒಟ್ಟು 1,22,880 ಅಕ್ಷರಗಳು. ಅದನ್ನು 32ರಿಂದ ಭಾಗಿಸಿದರೆ 3,840 ಗ್ರಂಥ. ಧವಳಾ ಟೀಕೆಯು 72,000 ಗ್ರಂಥ, ಜಯಧವಳೆಯು 60,000 ಗ್ರಂಥ ಎಂದು ಪರಂಪರೆ ಎಣಿಸುತ್ತ ಬಂದಿರುವುದು ಇದೇ ಮಾನದಿಂದ. ಧ್ವನಿಕಡತದ ಗಣನೆಯೂ ಇಷ್ಟೇ ಸರಳವಾದುದು.

ನಾವು ವಿಚಾರಿಸುತ್ತಿರುವುದು ‘ವೇವ್’ ಎಂಬ ಕಡತಪ್ರಕಾರವನ್ನು. ಮೈಕ್ರೋಸಾಫ್ಟ್ ಮತ್ತು ಐ.ಬಿ.ಎಂ. ಸಂಸ್ಥೆಗಳು 1991ರಲ್ಲಿ ಇದನ್ನು ರೂಪಿಸಿದುವು. ಧ್ವನಿಯನ್ನು ಸಂಕೋಚಗೊಳಿಸದೆ ಇದ್ದಂತೆಯೇ ಇಡುವುದರಿಂದ ಧ್ವನಿಭಂಡಾರಗಳು ಇದನ್ನೇ ಆದರಿಸುತ್ತವೆ. ಕಡತದ ಆರಂಭದಲ್ಲಿ ಒಂದು ಶೀರ್ಷಿಕೆ ಇರುತ್ತದೆ. ಅದರ ಅತ್ಯಂತ ಸರಳ ರೂಪದಲ್ಲಿ 44 ಬೈಟುಗಳಿವೆ. ಮೊದಲ 4 ಬೈಟುಗಳಲ್ಲಿ ‘ರಿಫ್’ ಎಂಬ ಅಕ್ಷರಗಳು. ಮುಂದಿನ 4ರಲ್ಲಿ, ಈ ಮೊದಲ 8 ಬೈಟುಗಳನ್ನು ಬಿಟ್ಟು, ಕಡತದ ಒಟ್ಟು ಪ್ರಮಾಣ. ಮುಂದಿನ 4ರಲ್ಲಿ ‘ವೇವ್’ ಎಂಬ ಅಕ್ಷರಗಳು. ಆ ಮೇಲೆ 24 ಬೈಟುಗಳ ಒಂದು ಖಂಡದಲ್ಲಿ ವಾಹಿನಿಗಳು, ಅಳತೆಯ ವೇಗ, ಬಿಟ್‌ಸಂಖ್ಯೆ ಮೊದಲಾದ ಲಕ್ಷಣಗಳು. ಕೊನೆಯ 8 ಬೈಟುಗಳಲ್ಲಿ 4 ‘ಡೇಟಾ’ ಎಂಬ ಅಕ್ಷರಗಳಿಗೂ 4 ಧ್ವನಿಭಾಗದ ಪ್ರಮಾಣಕ್ಕೂ ಮೀಸಲು. ಅಲ್ಲಿಂದ ಮುಂದೆ ಧ್ವನಿಯೇ ಧ್ವನಿ.

ಈ ಕೊನೆಯ ಸಂಖ್ಯೆಯು ಪುಷ್ಪಿಕೆಯಲ್ಲಿ ಕಾಣುವ ಗ್ರಂಥಾಗ್ರಕ್ಕೆ ಸಮಾನವಾದುದು. ಸ್ಥಾನ ಮಾತ್ರ ಬೇರೆ: ಲಿಪಿಕಾರನು ಗ್ರಂಥಾಗ್ರವನ್ನು ಕೊನೆಯಲ್ಲಿ ಬರೆಯುತ್ತಾನೆ, ಯಂತ್ರವು ಮೊದಲಲ್ಲಿ ಬರೆಯುತ್ತದೆ. ಆದರೆ ಮುದ್ರಣ ಮುಗಿಯುವವರೆಗೆ ಪ್ರಮಾಣವೆಷ್ಟೆಂದು ಯಂತ್ರಕ್ಕೂ ತಿಳಿಯದು. ಆದುದರಿಂದ ಅದು ಆರಂಭದಲ್ಲಿ ಎಡೆಯನ್ನು ಬಿಟ್ಟು ಮುಂದುವರಿದು, ಮುದ್ರಣವನ್ನು ನಿಲ್ಲಿಸಿದಾಗ ಹಿಂತಿರುಗಿ ಬಂದು ಸಂಖ್ಯೆಯನ್ನು ತುಂಬುತ್ತದೆ. ಕೇಳಿಸುವ ಯಂತ್ರವು ಈ ಸಂಖ್ಯೆಯನ್ನು ಓದಿ, ಅದು ಹೇಳಿದಷ್ಟನ್ನೇ ಕೇಳಿಸಿ ನಿಲ್ಲುತ್ತದೆ. ಮುಂದೆ ಏನಾದರೂ ಉಳಿದಿದೆಯೇ ಎಂದು ನೋಡುವುದಿಲ್ಲ.

3. ಸಂಖ್ಯೆಯು ತಪ್ಪುವ ಬಗೆ

ಒಂದು ಬೈಟಿನಲ್ಲಿ 0ರಿಂದ 255ರವರೆಗಿನ ಒಂದು ಅಂಕವನ್ನು ಬರೆಯಬಹುದು. ನಮ್ಮ ದಶಮಾನದಲ್ಲಿ ಸ್ಥಾನದಿಂದ ಸ್ಥಾನಕ್ಕೆ ಬೆಲೆ ಹತ್ತುಮಡಿಯಾಗುವಂತೆ ಇಲ್ಲಿ 256 ಮಡಿಯಾಗುತ್ತದೆ. ನಾಲ್ಕು ಸ್ಥಾನಗಳ ಬೆಲೆ ಕ್ರಮವಾಗಿ 1; 256; 65,536; 1,67,77,216. ಈ ನಾಲ್ಕರಲ್ಲಿ ಬರೆಯಬಹುದಾದ ಅತಿದೊಡ್ಡ ಸಂಖ್ಯೆ 4,29,49,67,295. ಇದನ್ನೇ ಸ್ಥೂಲವಾಗಿ 4 ಗಿಗಾಬೈಟ್ ಎನ್ನುತ್ತಾರೆ. ಇದಕ್ಕಿಂತ ಒಂದು ಹೆಚ್ಚಾದರೂ ಐದನೆಯ ಸ್ಥಾನ ಬೇಕು. ಆದರೆ ಶೀರ್ಷಿಕೆಯಲ್ಲಿ ಐದನೆಯ ಸ್ಥಾನಕ್ಕೆ ಎಡೆಯಿಲ್ಲ.

ಬರೆಯುವ ಕ್ರಮವೂ ಗಮನಾರ್ಹ. ವೇವ್ ಕಡತದಲ್ಲಿ ಕಿರಿಯ ಸ್ಥಾನವು ಮೊದಲು, ಹಿರಿಯ ಸ್ಥಾನವು ಕೊನೆಗೆ ಬರುತ್ತದೆ. ಇದು ಹೊಸಬರಿಗೆ ವಿಚಿತ್ರವಾಗಿ ಕಂಡರೂ ಭೂತಸಂಖ್ಯೆಯಿಂದ ಕಾಲನಿರ್ದೇಶ ಮಾಡಿರುವ ಪುಷ್ಪಿಕೆಗಳನ್ನು ಓದಿದವರಿಗೆ ಸಹಜವಾಗಿಯೇ ತೋರುವುದು. ‘ರಸ, ಬಾಣ, ಚಂದ್ರ’ ಎಂದರೆ 6, 5, 1 ಎಂದು ಹೇಳಿಕೊಂಡು, ಅಂಕಗಳನ್ನು ಎಡಕ್ಕೆ ನಡೆಯಿಸಿ 156 ಎಂದು ಗ್ರಹಿಸುತ್ತೇವೆ. ಯಂತ್ರವೂ ಅದೇ ಪದ್ಧತಿಯನ್ನು ಅನುಸರಿಸುತ್ತದೆ.

ಈಗ ನಮ್ಮ ಕಡತವನ್ನು ನೋಡೋಣ. ಧ್ವನಿಭಾಗದ ನಿಜವಾದ ಪ್ರಮಾಣ 6,56,64,00,000. ಇದನ್ನು ಯಂತ್ರದ ಮಾನದಲ್ಲಿ ಕಿರಿಯ ಸ್ಥಾನದಿಂದ ಮೊದಲ್ಗೊಂಡು ಬರೆದರೆ 0, 80, 99, 135, 1 ಎಂದಾಗುತ್ತದೆ. ಅಂಕಗಳು ಐದು, ಎಡೆಗಳು ನಾಲ್ಕು. ಯಂತ್ರವು ಮೊದಲ ನಾಲ್ಕನ್ನು ಬರೆದು ಐದನೆಯ ‘1’ನ್ನು ಕೈಬಿಟ್ಟಿತು. ಉಳಿದ 0, 80, 99, 135 ಎಂಬುದರ ಬೆಲೆ 2,27,14,32,704. ಇದನ್ನು ಸೆಕೆಂಡಿನ 5,76,000 ಬೈಟುಗಳಿಂದ ಭಾಗಿಸಿದರೆ 3,943 ಸೆಕೆಂಡು ಮತ್ತು ಸ್ವಲ್ಪ ಶೇಷ. ಅಂದರೆ 1 ಗಂಟೆ 5 ನಿಮಿಷ 43 ಸೆಕೆಂಡು. ಕಡತವು ನಿಂತುಹೋದ ಕ್ಷಣ ಇದೇ. ಕೈಬಿಟ್ಟ ಒಂದು ಅಂಕದ ಬೆಲೆ 4,29,49,67,296 ಬೈಟು; ಕಾಲದಲ್ಲಿ ಹೇಳುವುದಾದರೆ 2 ಗಂಟೆ 4 ನಿಮಿಷ 16 ಸೆಕೆಂಡಿಗೂ ಸ್ವಲ್ಪ ಹೆಚ್ಚು. ಶಾಸನದ ತೇದಿಯಲ್ಲಿ ಸಾವಿರದ ಅಂಕವೊಂದು ಸವೆದು ಹೋದರೆ ಕಾಲನಿರ್ಣಯ ಹೇಗೆ ತಲೆಕೆಳಗಾಗುವುದೋ ಇದೂ ಹಾಗೆಯೇ.

ಇಂತಹ ಕಿರಿದಾದ ಎಡೆಯನ್ನು ಏಕೆ ಇಟ್ಟರೆಂದು ಕೇಳಬಹುದು. 1991ರ ಸುಮಾರಿಗೆ ಸಾಮಾನ್ಯ ಕಂಪ್ಯೂಟರಿನ ಡಿಸ್ಕಿನಲ್ಲಿ ಕೆಲವು ನೂರು ಮೆಗಾಬೈಟುಗಳಿಗಿಂತ ಹೆಚ್ಚು ಎಡೆಯೇ ಇರಲಿಲ್ಲ. 4 ಗಿಗಾಬೈಟುಗಳ ಒಂದೇ ಕಡತವು ಅಂದು ಊಹೆಗೆ ನಿಲುಕದ್ದು. ಸಿ.ಡಿ. ಗುಣಮಟ್ಟದಲ್ಲಿ, ಅಂದರೆ 44,100 ಅಳತೆ, 16 ಬಿಟ್, 2 ವಾಹಿನಿಗಳಲ್ಲಿ, ಈ ಮಿತಿಯನ್ನು ಮುಟ್ಟಲು 6 ಗಂಟೆ 45 ನಿಮಿಷ ಬೇಕು. ಅಳತೆಯ ಸೂಕ್ಷ್ಮತೆ ಹೆಚ್ಚಿದಂತೆ ಕಾಲಾವಧಿ ಕಿರಿದಾಯಿತು: 48,000 ಅಳತೆ ಮತ್ತು 24 ಬಿಟ್ಟಿನಲ್ಲಿ 4 ಗಂಟೆ 8 ನಿಮಿಷ, 96,000 ಅಳತೆಯಲ್ಲಿ 2 ಗಂಟೆ 4 ನಿಮಿಷ. ಉತ್ತಮ ಗುಣಮಟ್ಟವನ್ನು ಬಯಸಿದ ಶ್ರದ್ಧೆಯೇ ನಮ್ಮ ಮುದ್ರಣವನ್ನು ಮಿತಿಯ ಆಚೆಗೆ ಒಯ್ದಿತು.

4. ದೋಷನಿರ್ಣಯ

ಧ್ವನಿಕಡತವು ನಡುವೆ ನಿಂತಾಗ ಮೂರು ಸಾಧ್ಯತೆಗಳಿವೆ. ಒಂದು, ಮೇಲೆ ಹೇಳಿದಂತೆ ಪ್ರಮಾಣವು ಮಿತಿಮೀರಿ ಸಂಖ್ಯೆ ತಪ್ಪಿರುವುದು. ಎರಡು, ಮುದ್ರಣದ ನಡುವೆ ವಿದ್ಯುತ್ತು ಹೋಗಿ ಯಂತ್ರಕ್ಕೆ ಹಿಂತಿರುಗಿ ಸಂಖ್ಯೆಯನ್ನು ತುಂಬಲು ಅವಕಾಶವಾಗದೆ ಅಲ್ಲಿ ಸೊನ್ನೆಯೇ ಉಳಿದಿರುವುದು. ಮೂರು, ಧ್ವನಿಯೇ ನಿಜವಾಗಿ ನಷ್ಟವಾಗಿರುವುದು. ಮೊದಲ ಎರಡಕ್ಕೆ ಪರಿಹಾರವುಂಟು, ಮೂರನೆಯದಕ್ಕೆ ಇಲ್ಲ. ಆದುದರಿಂದ ಇವನ್ನು ವಿಂಗಡಿಸುವುದು ಮೊದಲ ಕೆಲಸ.

ವಿಂಗಡಣೆ ಅತಿ ಸುಲಭ. ಕಂಪ್ಯೂಟರಿನ ಕಡತಪಟ್ಟಿಯಲ್ಲಿ ಒಂದೊಂದು ಕಡತದ ಎದುರಿಗೂ ಅದರ ಗಾತ್ರ ನಮೂದಾಗಿರುತ್ತದೆ. ಇದು ಶೀರ್ಷಿಕೆಯನ್ನು ಓದಿ ಹೇಳುವ ಮಾತಲ್ಲ, ಡಿಸ್ಕಿನ ಮೇಲೆ ಕಡತವು ಹಿಡಿದಿರುವ ಎಡೆಯ ಎಣಿಕೆ. ನಮ್ಮ ಕಡತದ ಗಾತ್ರ 6,56,64,00,044 ಬೈಟು ಎಂದಿತ್ತು. ಶೀರ್ಷಿಕೆಯ 44ನ್ನು ಕಳೆದು 5,76,000ರಿಂದ ಭಾಗಿಸಿದರೆ ಸರಿಯಾಗಿ 11,400 ಸೆಕೆಂಡು. ಶೀರ್ಷಿಕೆಯು 2,27,14,32,704 ಎನ್ನುತ್ತಿದೆ, ಡಿಸ್ಕು 6,56,64,00,044 ಎನ್ನುತ್ತಿದೆ. ಪುಷ್ಪಿಕೆಯಲ್ಲಿ 1,330 ಗ್ರಂಥವೆಂದು ಬರೆದಿದ್ದು ಗರಿಗಳನ್ನು ಎಣಿಸಿದಾಗ 3,840 ಗ್ರಂಥಕ್ಕೆ ಸಾಲುವಷ್ಟು ಬರೆಹ ಕಂಡರೆ ನಾವು ಗರಿಗಳನ್ನೇ ನಂಬುತ್ತೇವೆ. ಇಲ್ಲಿಯೂ ಅದೇ ನ್ಯಾಯ.

ಇನ್ನೊಂದು ಆಂತರಿಕ ಪ್ರಮಾಣವೂ ಉಂಟು. ಎರಡು ವಾಹಿನಿಗಳಿಗೆ ತಲಾ 3 ಬೈಟಿನಂತೆ ಒಂದು ಅಳತೆಯ ಜೋಡಿಗೆ 6 ಬೈಟುಗಳು ಬೇಕು. ಆದುದರಿಂದ ಧ್ವನಿಭಾಗದ ಪ್ರಮಾಣವು ಯಾವಾಗಲೂ 6ರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು. 2,27,14,32,704ನ್ನು 6ರಿಂದ ಭಾಗಿಸಿದರೆ 2 ಶೇಷ ಉಳಿಯುತ್ತದೆ. ಕಂದದ ಗಣವೊಂದು ಅರ್ಧಕ್ಕೆ ನಿಂತಿದ್ದರೆ ಅಲ್ಲಿ ಪಾಠ ತ್ರುಟಿತವಾಗಿದೆಯೆಂದು ಹೇಳುವಂತೆ, ಈ ಶೇಷದಿಂದ ಸಂಖ್ಯೆಯು ಅಶುದ್ಧವೆಂದು ಹೇಳಬಹುದು. ಇದಕ್ಕೆ 4,29,49,67,296ನ್ನು ಕೂಡಿಸಿದರೆ 6,56,64,00,000 ಬರುತ್ತದೆ. ಅದು 6ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಎರಡು ಸ್ವತಂತ್ರ ಸಾಕ್ಷ್ಯಗಳು ಕೂಡಿಬಂದುದರಿಂದ ನಿರ್ಣಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಡಿಸ್ಕಿನಲ್ಲಿ ಕಾಣುವ ಗಾತ್ರವೇ ಚಿಕ್ಕದಾಗಿದ್ದರೆ ಮಾತು ಬೇರೆ. ಅದು ನಿಜವಾದ ಗ್ರಂಥಪಾತ. ನಮ್ಮ ಭಂಡಾರದಲ್ಲಿ ಇದಕ್ಕೂ ಒಂದು ದೃಷ್ಟಾಂತವಿತ್ತು. ಮುದ್ರಣವಾದ ಮರುವಾರವೇ ಕಡತದ ಒಂದು ನಕಲನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದಿದ್ದರು. ಸಹಾಯಕರೊಬ್ಬರು ಅದನ್ನು ಧ್ವನಿಸಂಪಾದನೆಯ ಕ್ರಮವಿಧಿಯಲ್ಲಿ ತೆರೆದು, ಆರಂಭದ ಗದ್ದಲವನ್ನು ಕತ್ತರಿಸಿ, ಅದೇ ಹೆಸರಿನಲ್ಲಿ ಉಳಿಸಿಬಿಟ್ಟಿದ್ದರು. ಆ ಕ್ರಮವಿಧಿಯು ಶೀರ್ಷಿಕೆ ಹೇಳಿದಷ್ಟನ್ನೇ ಓದಿಕೊಂಡಿತ್ತು. ಆದುದರಿಂದ ಹಿಂದಕ್ಕೆ ಬರೆದುದೂ ಅಷ್ಟೇ. ಆ ನಕಲಿನ ಗಾತ್ರವೇ 2 ಗಿಗಾಬೈಟಿನ ಸುಮಾರಿಗೆ ಇಳಿದಿತ್ತು. ಸೂಚಿಯಲ್ಲಿ ಅದನ್ನು ‘ಪೂರ್ಣ’ ಎಂದು ನಮೂದಿಸಿದ್ದರು. ಆ ನಕಲಿನಿಂದ ಏನನ್ನೂ ಉದ್ಧರಿಸುವಂತಿರಲಿಲ್ಲ. ಮುದ್ರಣ ನಡೆದ ಲ್ಯಾಪ್‌ಟಾಪಿನಲ್ಲಿ ಮೂಲಕಡತವನ್ನು ಯಾರೂ ಅಳಿಸದೆ ಬಿಟ್ಟಿದ್ದರೆಂಬ ಒಂದೇ ಕಾರಣದಿಂದ ವಾಚನ ಉಳಿಯಿತು. ಸಹಾಯಕರದು ಅಪರಾಧವೆನ್ನಲಾಗದು. ಲಿಪಿಕಾರನು ಮಾತೃಕೆಯಲ್ಲಿ ‘ಸಮಾಪ್ತ’ವೆಂದು ಕಂಡಲ್ಲಿ ನಿಲ್ಲಿಸುತ್ತಾನೆ. ಆ ಬಳಿಕ ಮಾತೃಕೆಯು ಹಾಳಾದರೆ ಅವನ ಪ್ರತಿಯೇ ಮೂಲವಾಗುತ್ತದೆ. ಕೊರತೆಯು ಕೊರತೆಯೆಂದು ಮುಂದಿನವರಿಗೆ ತೋರುವುದೂ ಇಲ್ಲ.

5. ಉದ್ಧಾರಕ್ರಮ

ಮೊದಲನೆಯದಾಗಿ, ಮೂಲಕಡತವನ್ನು ಯಾವ ಕ್ರಮವಿಧಿಯಲ್ಲಿಯೂ ತೆರೆದು ಉಳಿಸಕೂಡದು. ಅದನ್ನು ಬರೆಯಲಾಗದ, ಓದಲು ಮಾತ್ರ ಬರುವ ಸ್ಥಿತಿಗೆ ತಂದು, ಬೇರೊಂದು ಡಿಸ್ಕಿಗೆ ನಕಲು ಮಾಡಿ, ನಕಲಿನ ಮೇಲೆ ಕೆಲಸ ಮಾಡಬೇಕು. ಡಿಸ್ಕು ಅಥವಾ ಪೆನ್ ಡ್ರೈವು ‘ಫ್ಯಾಟ್-32’ ಎಂಬ ಹಳೆಯ ವಿನ್ಯಾಸದ್ದಾಗಿದ್ದರೆ ಅದರಲ್ಲಿ 4 ಗಿಗಾಬೈಟಿಗಿಂತ ದೊಡ್ಡ ಕಡತವು ಹಿಡಿಯುವುದಿಲ್ಲ. ‘ಎಕ್ಸ್-ಫ್ಯಾಟ್’ ಅಥವಾ ‘ಎನ್.ಟಿ.ಎಫ್.ಎಸ್.’ ವಿನ್ಯಾಸದ್ದನ್ನು ಬಳಸಬೇಕು. ಎರಡೂ ಕಡತಗಳ ‘ಎಸ್.ಎಚ್.ಎ.-256’ ಮುದ್ರಾಂಕವನ್ನು ತೆಗೆದು ಹೋಲಿಸಬೇಕು. ಒಂದು ಬೈಟು ವ್ಯತ್ಯಾಸವಾದರೂ ಈ ಅಂಕವು ಬೇರೆಯಾಗುವುದರಿಂದ ಪ್ರತಿ ಶುದ್ಧಿಯನ್ನು ಪರೀಕ್ಷಿಸಲು ಇದು ಅತ್ಯುತ್ತಮ ಸಾಧನ.

ಎರಡನೆಯದಾಗಿ, ಧ್ವನಿಯು ಆರಂಭವಾಗುವ ಸ್ಥಾನವನ್ನು ನಿಶ್ಚಯಿಸಬೇಕು. ಶೀರ್ಷಿಕೆಯು ಯಾವಾಗಲೂ 44 ಬೈಟುಗಳೇ ಎಂದು ಭಾವಿಸುವುದು ತಪ್ಪು. ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ 1997ರಲ್ಲಿ ಪ್ರಕಟಿಸಿದ ‘ಬ್ರಾಡ್‌ಕಾಸ್ಟ್ ವೇವ್’ ಎಂಬ ಪರಿಷ್ಕೃತ ಪ್ರಕಾರದಲ್ಲಿ ಮುದ್ರಣದ ದಿನಾಂಕ, ಕಾಲ, ವಿವರಣೆಗಳಿಗಾಗಿ ಕನಿಷ್ಠ 602 ಬೈಟುಗಳ ಒಂದು ಖಂಡವೂ ಅದರ ಹೆಸರು ಮತ್ತು ಅಳತೆಗೆ 8 ಬೈಟುಗಳೂ ಸೇರಿಕೊಳ್ಳುತ್ತವೆ. ಆಗ ಧ್ವನಿಯು 44ರ ಬದಲು 654 ಬೈಟುಗಳ ನಂತರ ಆರಂಭವಾಗಬಹುದು. ಕಡತದ ಬೈಟುಗಳನ್ನು ಸಾಲಾಗಿ ತೋರಿಸುವ ‘ಹೆಕ್ಸ್’ ವೀಕ್ಷಕದಲ್ಲಿ ಮೊದಲ ಪುಟವನ್ನು ನೋಡಿ, ‘ಡೇಟಾ’ ಎಂಬ ನಾಲ್ಕು ಅಕ್ಷರಗಳನ್ನು ಹುಡುಕಿ, ಅವುಗಳ ಮೊದಲ ಅಕ್ಷರದ ಸ್ಥಾನಕ್ಕೆ 8ನ್ನು ಕೂಡಿಸಿದರೆ ಸರಿಯಾದ ಸ್ಥಾನ ದೊರೆಯುತ್ತದೆ.

ಮೂರನೆಯದಾಗಿ, ಶೀರ್ಷಿಕೆಯನ್ನು ಕಡೆಗಣಿಸಿ ಧ್ವನಿಯನ್ನು ನೇರವಾಗಿ ಓದಬೇಕು. ಉಚಿತವಾಗಿ ದೊರೆಯುವ ‘ಆಡಾಸಿಟಿ’ ಎಂಬ ಕ್ರಮವಿಧಿಯಲ್ಲಿ ‘ಇಂಪೋರ್ಟ್’ ಎಂಬುದರ ಕೆಳಗೆ ‘ರಾ ಡೇಟಾ’ ಎಂಬ ಆಯ್ಕೆಯಿದೆ. ಅಲ್ಲಿ ಕೇಳುವ ಪ್ರಶ್ನೆಗಳಿಗೆ ನಮ್ಮ ಕಡತದ ಮಟ್ಟಿಗೆ ಕೊಡಬೇಕಾದ ಉತ್ತರಗಳು ಇವು: 24 ಬಿಟ್, ಚಿಹ್ನೆಸಹಿತ ಪಿ.ಸಿ.ಎಂ.; ಕಿರಿಯ ಬೈಟು ಮೊದಲು; 2 ವಾಹಿನಿ; ಆರಂಭಸ್ಥಾನ 44; ಪ್ರಮಾಣ ನೂರಕ್ಕೆ ನೂರು; ವೇಗ 96,000. ಈ ಲಕ್ಷಣಗಳೆಲ್ಲ ಶೀರ್ಷಿಕೆಯಲ್ಲಿಯೇ ಇರುತ್ತವೆ. ಪ್ರಮಾಣದ ಸಂಖ್ಯೆ ತಪ್ಪಿದೆಯೆಂದ ಮಾತ್ರಕ್ಕೆ ಶೀರ್ಷಿಕೆಯ ಉಳಿದ ಭಾಗವನ್ನೂ ತಿರಸ್ಕರಿಸಬೇಕಿಲ್ಲ. ಪುಷ್ಪಿಕೆಯ ತೇದಿ ಅಶುದ್ಧವಾಗಿದ್ದರೂ ಲಿಪಿಕಾರನ ಹೆಸರು ಶುದ್ಧವಾಗಿರಬಹುದಷ್ಟೆ. ‘ಸಾಕ್ಸ್’ ಮತ್ತು ‘ಎಫ್.ಎಫ್.ಎಂಪೆಗ್’ ಎಂಬ ಕ್ರಮವಿಧಿಗಳಲ್ಲಿ, ಶೀರ್ಷಿಕೆಯು ಹೇಳುವ ಪ್ರಮಾಣವನ್ನು ಲೆಕ್ಕಿಸದೆ ಕಡತದ ಕೊನೆಯವರೆಗೂ ಓದು ಎಂದು ಆಜ್ಞೆ ಕೊಡುವ ಸೌಲಭ್ಯವಿದೆ. ಶೀರ್ಷಿಕೆಯಲ್ಲಿ ಸೊನ್ನೆ ಉಳಿದಿರುವ ಎರಡನೆಯ ಬಗೆಯ ದೋಷಕ್ಕೂ ಇದೇ ಚಿಕಿತ್ಸೆ.

ನಾಲ್ಕನೆಯದಾಗಿ, ಉದ್ಧೃತವಾದ ಧ್ವನಿಯನ್ನು ಮತ್ತೆ ಒಂದೇ ವೇವ್ ಕಡತವಾಗಿ ಉಳಿಸಿದರೆ ಮೊದಲಿನ ದೋಷವೇ ಮರುಕಳಿಸುವುದು. ಆದುದರಿಂದ ಅದನ್ನು ಭಾಗಗಳಾಗಿ ಉಳಿಸಬೇಕು. ಕೆಲವು ಕ್ರಮವಿಧಿಗಳು ನಾಲ್ಕು ಸ್ಥಾನಗಳ ಸಂಖ್ಯೆಯಲ್ಲಿ ಒಂದು ಬಿಟ್ಟನ್ನು ಋಣಚಿಹ್ನೆಗೆ ಮೀಸಲಿಟ್ಟು, ಅದರ ಅರ್ಧಕ್ಕೆ, ಅಂದರೆ 2,14,74,83,648 ಬೈಟಿಗೆ, ತಡೆಯುತ್ತವೆ. ಮೇಲೆ ಹೇಳಿದ ಗುಣಮಟ್ಟದಲ್ಲಿ 60 ನಿಮಿಷದ ಭಾಗವು 2,07,36,00,000 ಬೈಟುಗಳಾಗುವುದರಿಂದ ಅದು ಎರಡೂ ಮಿತಿಗಳೊಳಗೆ ಕ್ಷೇಮವಾಗಿರುತ್ತದೆ. ಭಂಡಾರದಲ್ಲಿ 3 ಗಂಟೆ 10 ನಿಮಿಷದ ವಾಚನವನ್ನು ನಾಲ್ಕು ಭಾಗಗಳಾಗಿ, ಪ್ರಕರಣವೋ ವಾಕ್ಯವೋ ಮುಗಿಯುವೆಡೆಯಲ್ಲಿ ಕತ್ತರಿಸಿ, ಒಂದಕ್ಕೊಂದು ಕೆಲವು ಸೆಕೆಂಡುಗಳು ಮೇಲುಹೊದಿಕೆಯಾಗುವಂತೆ ಉಳಿಸಲಾಯಿತು. ಗರಿಯ ಕೊನೆಯ ಪದವನ್ನು ಮುಂದಿನ ಗರಿಯ ಮೊದಲಲ್ಲಿ ನೆನಪಿಸುವಂತೆ, ಈ ಮೇಲುಹೊದಿಕೆಯಿಂದ ಭಾಗಗಳ ಅನುಕ್ರಮವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

6. ಶ್ರವಣಪರೀಕ್ಷೆ

ಮೇಲಿನ ಲಕ್ಷಣಗಳಲ್ಲಿ ಒಂದು ತಪ್ಪಿದರೂ ಕಿವಿಗೆ ತಿಳಿಯುತ್ತದೆ. ತಪ್ಪಿನ ಬಗೆಯನ್ನು ಧ್ವನಿಯೇ ಹೇಳುವುದರಿಂದ ಈ ಪರೀಕ್ಷೆಗೆ ಸ್ವಲ್ಪ ವಿಸ್ತಾರ ಯುಕ್ತ.

ಧ್ವನಿಯು ಮಾತಾಗದೆ ಬರಿಯ ಭೋರ್ಗರೆತವಾಗಿ ಕೇಳಿಸಿದರೆ ಆರಂಭಸ್ಥಾನವೋ ಬೈಟುಗಳ ಕ್ರಮವೋ ಬಿಟ್‌ಸಂಖ್ಯೆಯೋ ತಪ್ಪಿದೆಯೆಂದು ತಿಳಿಯಬೇಕು. 654ರಲ್ಲಿ ಆರಂಭವಾಗುವ ಧ್ವನಿಯನ್ನು 44ರಿಂದ ಓದಿದೆವೆಂದುಕೊಳ್ಳೋಣ. ವ್ಯತ್ಯಾಸ 610, ಅದನ್ನು 6ರಿಂದ ಭಾಗಿಸಿದರೆ ಶೇಷ 4. ಆಗ ಒಂದು ಅಳತೆಯ ಮೂರು ಬೈಟುಗಳಲ್ಲಿ ಹಿರಿಯದು ಕಿರಿಯದರ ಸ್ಥಾನಕ್ಕೂ ನಡುವಿನದು ಹಿರಿಯದರ ಸ್ಥಾನಕ್ಕೂ ಸರಿದು, ಕಡತದ ಉದ್ದಕ್ಕೂ ಅಳತೆಗಳೆಲ್ಲ ಅರ್ಥಹೀನವಾಗುತ್ತವೆ. ಪದಚ್ಛೇದವನ್ನು ಒಂದು ಅಕ್ಷರ ಮುಂದಕ್ಕೆ ಮಾಡಿದರೆ ಸಾಲೆಲ್ಲ ಅರ್ಥ ಕೆಡುವಂತೆ ಇದು. ಶೇಷವು 3 ಆಗಿದ್ದರೆ ಮಾತ್ರ ಒಂದು ವಿಶೇಷವುಂಟು: ಮಾತು ಸ್ಪಷ್ಟವಾಗಿಯೇ ಕೇಳಿಸುತ್ತದೆ, ಆದರೆ ಎಡದ ವಾಹಿನಿ ಬಲಕ್ಕೂ ಬಲದ್ದು ಎಡಕ್ಕೂ ಬರುತ್ತದೆ. ಪಂಡಿತರ ಮುಂದೆ ಒಂದು, ಪ್ರಶ್ನೆ ಕೇಳುವವರ ಮುಂದೆ ಒಂದು ಎಂದು ಎರಡು ಮೈಕುಗಳನ್ನು ಇಟ್ಟಿದ್ದಲ್ಲಿ ಇದು ಗೊಂದಲಕ್ಕೆ ಕಾರಣವಾಗಬಹುದು.

ಮಾತು ಸ್ಪಷ್ಟವಾಗಿದ್ದು ಸ್ವರವು ಮಂದ್ರವಾಗಿ, ಓದು ನಿಧಾನವಾಗಿ ಕೇಳಿಸಿದರೆ ಅಳತೆಯ ವೇಗವನ್ನು ನಿಜವಾದುದಕ್ಕಿಂತ ಕಡಿಮೆಯಾಗಿ ಹೇಳಿದ್ದೇವೆ ಎಂದರ್ಥ. ತಾರವಾಗಿ, ತ್ವರಿತವಾಗಿ ಕೇಳಿಸಿದರೆ ಹೆಚ್ಚಾಗಿ ಹೇಳಿದ್ದೇವೆ. ಎರಡು ವಾಹಿನಿಗಳ ಕಡತವನ್ನು ಒಂದೇ ವಾಹಿನಿಯೆಂದು ಓದಿದರೂ ಓದು ನಿಧಾನವಾಗುತ್ತದೆ. 96,000ದ ಬದಲು 88,200 ಎಂದರೆ ವ್ಯತ್ಯಾಸ ಅಲ್ಪವಾದುದರಿಂದ ಅಪರಿಚಿತರ ಕಿವಿಗೆ ಹೊಳೆಯದೆ ಹೋಗಬಹುದು. ಆ ಪಂಡಿತರ ಧ್ವನಿಯನ್ನು ಬಲ್ಲವರೊಬ್ಬರು ಪರೀಕ್ಷೆಯ ಕಾಲದಲ್ಲಿ ಹತ್ತಿರ ಇರುವುದು ಒಳ್ಳೆಯದು. ಗಾಥೆಗಳನ್ನು ರಾಗವಾಗಿ ಹೇಳಿದ ಕಡೆ ಶ್ರುತಿಯ ನಿರ್ಣಯಕ್ಕೂ ಇದು ಅವಶ್ಯ.

ಉದ್ಧೃತಧ್ವನಿಯ ಕೊನೆಯಲ್ಲಿ ಕ್ಷಣಮಾತ್ರ ಕರ್ಕಶವಾದ ಸದ್ದು ಬರುವುದುಂಟು. ಧ್ವನಿಯ ಆಚೆಗೆ ಕಡತದ ಕೊನೆಯಲ್ಲಿ ಬರೆದಿರುವ ವಿವರಣೆಯ ಅಕ್ಷರಗಳನ್ನೂ ಯಂತ್ರವು ಧ್ವನಿಯೆಂದೇ ಓದುವುದು ಇದಕ್ಕೆ ಕಾರಣ. ಅದನ್ನು ನಕಲಿನಲ್ಲಿ ಕತ್ತರಿಸಬಹುದು, ಮೂಲದಲ್ಲಿ ಕೂಡದು.

7. ಮುಂದಿನ ಎಚ್ಚರಿಕೆ

ಮಿತಿಯನ್ನು ಮೀರಬಲ್ಲ ಕಡತಪ್ರಕಾರಗಳು ಈಗ ಉಂಟು. ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ರೂಪಿಸಿದ ‘ಆರ್.ಎಫ್.-64’ ಎಂಬುದರಲ್ಲಿ ಹಳೆಯ ನಾಲ್ಕು ಎಡೆಗಳಲ್ಲಿ ಅತಿದೊಡ್ಡ ಸಂಖ್ಯೆಯನ್ನು ಬರೆದು, ಅದನ್ನು ‘ಬೇರೆಡೆ ನೋಡು’ ಎಂಬ ಸಂಕೇತವಾಗಿ ಮಾಡಿ, ನಿಜವಾದ ಪ್ರಮಾಣವನ್ನು ಎಂಟು ಸ್ಥಾನಗಳ ಬೇರೊಂದು ಎಡೆಯಲ್ಲಿ ಇಡುತ್ತಾರೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2015ರಲ್ಲಿ ಇದೇ ತತ್ತ್ವದ ‘ಬಿ.ಡಬ್ಲ್ಯು.-64’ ಎಂಬುದನ್ನು ಅಂಗೀಕರಿಸಿತು. ಮುದ್ರಣದ ಕ್ರಮವಿಧಿಯಲ್ಲಿ ಈ ಆಯ್ಕೆ ಇದ್ದರೆ ಅದನ್ನು ಆರಿಸಿಕೊಳ್ಳಬೇಕು. ಹೊರಗೆ ಒಯ್ಯುವ ಧ್ವನಿಮುದ್ರಕಗಳಲ್ಲಿ ಅನೇಕವು 2 ಅಥವಾ 4 ಗಿಗಾಬೈಟಿಗೆ ಬಂದಾಗ ತಾವಾಗಿಯೇ ಹೊಸ ಕಡತವನ್ನು ತೆರೆಯುತ್ತವೆ. ಆಗ ಸೂಚಿಯಲ್ಲಿ ಕಡತಗಳ ಸಂಖ್ಯೆಯನ್ನೂ ಅನುಕ್ರಮವನ್ನೂ ನಮೂದಿಸದಿದ್ದರೆ ಮೊದಲನೆಯದೇ ಸಮಗ್ರವೆಂದು ಭ್ರಮೆಯಾಗುವ ಸಂಭವವುಂಟು.

ಸೂಚೀಕರಣದಲ್ಲಿ ನಾಲ್ಕು ಅಂಕಗಳನ್ನು ತಪ್ಪದೆ ಕೊಡಬೇಕೆಂದು ಈ ಲೇಖಕನ ವಿನಂತಿ: ಮುದ್ರಣದ ಆರಂಭ ಮತ್ತು ಅಂತ್ಯದ ಗಡಿಯಾರದ ವೇಳೆ, ಅಳತೆಯ ವೇಗ, ಬಿಟ್ ಮತ್ತು ವಾಹಿನಿ, ಕಡತದ ಗಾತ್ರ ಬೈಟುಗಳಲ್ಲಿ, ಮುದ್ರಾಂಕ. ಮೊದಲ ಎರಡರಿಂದ ಮೂರನೆಯದನ್ನು ಗುಣಿಸಿ ನೋಡಬಹುದು. ನಮ್ಮ ನಿದರ್ಶನದಲ್ಲಿ ಪಂಡಿತರ ಓದು ಯಾವ ವೇಳೆಗೆ ಮುಗಿಯಿತೆಂದು ಒಬ್ಬರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದರು. ಆ ಒಂದು ಸಾಲು ಇರದಿದ್ದರೆ, ವಾಚನವು 1 ಗಂಟೆ 5 ನಿಮಿಷಕ್ಕಿಂತ ಹೆಚ್ಚು ಇತ್ತೆಂದು ವಾದಿಸಲು ನೆನಪನ್ನು ಬಿಟ್ಟು ಬೇರೆ ಆಧಾರವೇ ಇರುತ್ತಿರಲಿಲ್ಲ.

8. ಉಪಸಂಹಾರ

ಉದ್ಧೃತವಾದ ವಾಚನದ ಎರಡನೆಯ ಗಂಟೆಯಲ್ಲಿ ಪಂಡಿತರು ಒಂದೆಡೆ ಓದನ್ನು ನಿಲ್ಲಿಸಿ, ಹಿಂದಕ್ಕೆ ಬಂದು, ಅದೇ ಪದವನ್ನು ದೀರ್ಘವಾಗಿ ಮತ್ತೆ ಓದುತ್ತಾರೆ. ಮೊದಲು ‘ಕೆಡು’ ಎಂದು ಕ್ರಿಯಾಪದವಾಗಿ ಓದಿದ್ದನ್ನು ‘ಕೇಡು’ ಎಂದು ನಾಮಪದವಾಗಿ ತಿದ್ದಿಕೊಂಡು, ತಮಗೆ ಓದು ಕಲಿಸಿದವರು ಇಲ್ಲಿ ಹೀಗೆಯೇ ಹೇಳುತ್ತಿದ್ದರೆಂದು ತಿಳಿಸುತ್ತಾರೆ. ಗರಿಯ ಮೇಲೆ ಎರಡಕ್ಕೂ ಒಂದೇ ರೂಪ. ಲಿಪ್ಯಂತರದಲ್ಲಿ ಆ ಸ್ಥಳಕ್ಕೆ ಸಂಪಾದಕರು ಪ್ರಶ್ನಾರ್ಥಕ ಚಿಹ್ನೆಯನ್ನು ಇಟ್ಟಿದ್ದರು. ಅದನ್ನು ಈಗ ತೆಗೆದಿದ್ದಾರೆ. ಅಡಿಯಲ್ಲಿ ವಾಚನದ ಭಾಗವನ್ನೂ ನಿಮಿಷವನ್ನೂ ಆಧಾರವಾಗಿ ಕೊಟ್ಟಿದ್ದಾರೆ.

ಶೀರ್ಷಿಕೆಯು ಕಡತವನ್ನು ಕುರಿತ ಹೇಳಿಕೆ ಮಾತ್ರ. ಹೇಳಿಕೆಗೂ ವಸ್ತುವಿಗೂ ವಿರೋಧ ಬಂದಲ್ಲಿ ವಸ್ತುವನ್ನು ಅಳೆದು ನೋಡಬೇಕೆಂಬುದು ಹಸ್ತಪ್ರತಿಶಾಸ್ತ್ರವು ನಮಗೆ ಕಲಿಸಿರುವ ಮೊದಲ ಪಾಠ. ನಮ್ಮ ಭಂಡಾರಗಳಲ್ಲಿ ‘ಅಪೂರ್ಣ’ ಎಂದೋ ‘ಕೆಟ್ಟಿದೆ’ ಎಂದೋ ಬದಿಗಿಟ್ಟಿರುವ ದೀರ್ಘಮುದ್ರಣಗಳು ಇದ್ದಲ್ಲಿ, ಅವನ್ನು ಅಳಿಸುವುದಕ್ಕೆ ಮೊದಲು ಡಿಸ್ಕಿನ ಮೇಲಿನ ಗಾತ್ರವನ್ನೊಮ್ಮೆ ನೋಡಿ, ಸೆಕೆಂಡಿನ ಬೈಟುಗಳಿಂದ ಭಾಗಿಸಿ, ಗಡಿಯಾರದ ವೇಳೆಯೊಡನೆ ಹೋಲಿಸಬೇಕೆಂದು ವಿದ್ವನ್ಮಿತ್ರರಲ್ಲಿ ಪ್ರಾರ್ಥನೆ.